ಎಲೆ ಅಡಿಕೆ ಚೀಲದ ಜರ್ಮನ್ ಮುದ್ರೆ

ಕೊಟ್ಟ ಕಾಫಿ ಕುಡಿದು ಲೋಟವನ್ನು ಸುಮ್ಮನೆ ಕೆಳಗಿಡುವ ಬದಲು, ಅದನ್ನು ಬೋರಲು ಮಾಡಿ ತಳ ನೋಡುವ ಜನರನ್ನು ಕಂಡರೆ ನನಗೆ ಆಗುವುದಿಲ್ಲ. ತಳದಲ್ಲಿ ಏನಿರುತ್ತದೆ? ಹೆಸರಿರುತ್ತದೆ. ನಮ್ಮ ಕಡೆ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಹಾಕಿಸಿಕೊಂಡು ಬರುವುದು ಪದ್ಧತಿ. ಈಗ ಅಂಗಡಿಯವನು ಜುಂಯ್ ಎನ್ನುವ ಮೆಷೀನಿನಲ್ಲಿ ಬರೆದುಕೊಡುತ್ತಾನೆ. ಮೊದಲು ಮೊಳೆ ಇಟ್ಟು ಸುತ್ತಿಗೆಯಲ್ಲಿ ಕುಟ್ಟಿ, ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತಿದ್ದ. ಮದುವೆಗೆ ಕೊಟ್ಟವರ ಹೆಸರು, ಗೃಹಪ್ರವೇಶಕ್ಕೆ ಕೊಟ್ಟವರ ಹೆಸರು, ತಾರೀಖು, ಜಾಗ ಉಳಿದರೆ ಊರು. ಒಂದು ಸ್ಟೀಲ್ ಚೊಂಬು ಕೊಟ್ಟು ಅದರ ಮೇಲೆ ಇಡೀ ವಂಶವನ್ನೇ ಕೆತ್ತಿಸಿದವರನ್ನೂ ನೋಡಿದ್ದೇನೆ. ಅದನ್ನೆಲ್ಲ ತಿರುಗಿಸಿ ಓದಿದವರಿಗೆ ಏನು ಸಿಗುತ್ತದೆಯೋ ನನಗೆ ಗೊತ್ತಿಲ್ಲ. ಪಾತ್ರೆ ಸೋರದಿದ್ದರೆ ಸಾಕು ಅಂತ ಇಷ್ಟು ವರ್ಷ ಬದುಕಿದವಳು ನಾನು. ಈಗ ನಾನೇ ತಳ ನೋಡುವವಳಾಗಿದ್ದೇನೆ. ಅದಕ್ಕೆ ಕಾರಣ ಜರ್ಮನಿಯವರು.

ಜರ್ಮನಿ ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಚಾಮರಾಜಪೇಟೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹಾಳೆ ಮಡಚುವ ಕೆಲಸ ಮಾಡಿ ಮುದುಕಿಯಾದವಳು ನಾನು. ಸಾವಿರಾರು ಪುಸ್ತಕ ನನ್ನ ಕೈಯಲ್ಲಿ ಮಡಚಿಕೊಂಡು ಹೋಗಿವೆ, ಒಂದನ್ನೂ ಓದಿಲ್ಲ. ಪುಟದ ನಂಬರು ಸರಿಯಾಗಿ ಬಂತಾ ಅಂತ ನೋಡುವುದಷ್ಟೇ ನಮ್ಮ ಕೆಲಸ. ಅದರಿಂದ ನನಗೆ ಅಂಕಿ ಚೆನ್ನಾಗಿ ಬರುತ್ತದೆ, ಅಕ್ಷರ ತಡವರಿಸಿಕೊಂಡು ಬರುತ್ತದೆ. ಓದಿದವರು ಇದನ್ನು ಕೇಳಿ ಅಯ್ಯೋ ಪಾಪ ಅನ್ನುತ್ತಾರೆ. ಪಾಪ ಏನೂ ಇಲ್ಲ. ಆ ಪುಸ್ತಕ ಬರೆದವರು ಬಂದು ಪ್ರೂಫ್ ನೋಡುವಾಗ ಮಾಡುತ್ತಿದ್ದ ಮುಖ ನೋಡಿದರೆ, ಓದಬೇಕು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಚರ್ಮದ ಚೀಲ ನೇತಾಡುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸತರಿಂದಲೂ ಅದನ್ನು ಕಂಡಿದ್ದೆ. ನನ್ನತ್ತೆ ಮುನಿಯಮ್ಮ ಅದರಲ್ಲಿ ಎಲೆ ಅಡಿಕೆ ಸಾಮಾನು ಇಡುತ್ತಿದ್ದರು, ಅವರು ಹೋದಮೇಲೆ ನಾನು ಇಡತೊಡಗಿದೆ. ಅಂಥ ಚೀಲವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಗಟ್ಟಿ ಚರ್ಮ, ಚಿಪ್ಪಿನ ಹಾಗೆ ಉಬ್ಬಿದ ಮುಚ್ಚಳ, ಬಿಗಿಯಾಗಿ ಹಾಕಲು ಪಟ್ಟಿ. ದೊಡ್ಡ ಹೊಟ್ಟೆಯೊಳಗೆ ಅಡಕತ್ತರಿ, ಗೋಟಡಿಕೆ. ಪಕ್ಕದಲ್ಲಿ ಹೊಲಿದ ಉದ್ದನೆಯ ಸಣ್ಣ ಗೂಡಿನಲ್ಲಿ ಸುಣ್ಣದ ಡಬ್ಬಿ. ಈಗ ಸುಣ್ಣ ಟ್ಯೂಬಿನಲ್ಲಿ ಬರುತ್ತದಲ್ಲ, ಅದಂತೂ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತದೆ. ಮುಚ್ಚಳದ ಒಳಗೆ ಇನ್ನೊಂದು ಚೋಟು ಜೇಬು, ಅದರಲ್ಲಿ ಲವಂಗ. ಯಾರೋ ಎಲೆ ಅಡಿಕೆ ಹಾಕುವ ಬುದ್ಧಿವಂತನೇ ಇದನ್ನು ಹೊಲಿದಿದ್ದಾನೆ ಅಂತ ನಾನು ನಂಬಿದ್ದೆ. ಅದು ಪಿಸ್ತೂಲಿನ ಚೀಲ, ಪಕ್ಕದ ಗೂಡು ಗುಂಡು ತುಂಬಿದ ಪೆಟ್ಟಿಗೆಗೆ, ಚೋಟು ಜೇಬು ಪಿಸ್ತೂಲು ಬಿಚ್ಚುವ ಸಲಕರಣೆಗೆ ಅಂತ ಮನೆಯಲ್ಲಿ ಹೇಳುತ್ತಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ನನಗೆ ಹಲ್ಲು ಹೋದವು, ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಳ್ಳುವ ಕಾಲ ಬಂತು, ಆದರೂ ಚೀಲ ಹಾಗೇ ಇತ್ತು. ನನಗಿಂತ ಅದರ ಬಾಳಿಕೆ ಹೆಚ್ಚು.

ಪಿಸ್ತೂಲಿನ ಕಥೆ ಹೇಳುತ್ತಿದ್ದವನು ಮುಖ್ಯವಾಗಿ ನನ್ನ ಮೈದುನ ಕೆಂಪಣ್ಣ. ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್ ಆಗಿ ಸೇರಿ, ಕಂಬ ಹತ್ತದೆ ಇರುವ ಮಟ್ಟಕ್ಕೆ ಬೆಳೆದು ರಿಟೈರ್ ಆದವನು. ಮನೆಯ ಮುಂದಿನ ಭಾಗ ಅವನದು, ಹಿಂದಿನದು ನನ್ನದು. ಅವನ ತಾತ ಬೋರಜ್ಜ ಮಹಾರಾಜರ ಕುದುರೆ ಲಾಯದಲ್ಲಿದ್ದರು. ಮೊದಲನೇ ಮಹಾಯುದ್ಧಕ್ಕೆ ಮಹಾರಾಜರ ಕುದುರೆ ಪಡೆ ಹಡಗು ಹತ್ತಿ ತುರ್ಕಿಯವರ ಮೇಲೆ ಹೋದಾಗ ಬೋರಜ್ಜನೂ ಹೋಗಿದ್ದರಂತೆ, ಅಲ್ಲಿ ತುರ್ಕಿಯವರ ಜೊತೆಗಿದ್ದ ಒಬ್ಬ ಜರ್ಮನ್ ಆಫೀಸರನನ್ನು ಕುದುರೆಯಿಂದ ಕೆಡವಿ ಅವನ ಸೊಂಟದಿಂದ ಈ ಚೀಲ ಕಿತ್ತುಕೊಂಡರಂತೆ. ಪಿಸ್ತೂಲನ್ನು ಸರ್ಕಾರ ತೆಗೆದುಕೊಂಡು ಚೀಲ ಬಿಟ್ಟಿತಂತೆ. ಕೆಂಪಣ್ಣ ಕೆಲಸದಲ್ಲಿದ್ದಾಗ ಈ ಕಥೆಯಲ್ಲಿ ಜರ್ಮನ್ ಒಬ್ಬನೇ ಇದ್ದ. ರಿಟೈರ್ ಆದಮೇಲೆ ಜಾಸ್ತಿಯಾದರು.

ಕಥೆ ಹೇಳಿಕೊಂಡು ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಕೆಂಪಣ್ಣನಿಗೆ ಈ ಸಲದ ರಾಜ್ಯೋತ್ಸವದಲ್ಲಿ ನಮ್ಮ ಬೀದಿಯ ಸಂಘದವರು ಬೋರಜ್ಜನ ಫೋಟೋ ಇಟ್ಟು ಹಾರ ಹಾಕಬೇಕು ಅಂತ ಆಸೆ ಹುಟ್ಟಿತು. ಆಸೆ ಅಂದರೆ ಅಂತಿಂಥದಲ್ಲ. ಊಟ ಬಿಟ್ಟ. ಬೋರಜ್ಜನ ಫೋಟೋ ಒಂದೂ ಇರಲಿಲ್ಲ, ಚಿಕ್ಕಪೇಟೆಯ ಸ್ಟುಡಿಯೋಗೆ ಹೋಗಿ ಕಂಪ್ಯೂಟರಿನಲ್ಲಿ ಮಾಡಿಸಿಕೊಂಡು ಬಂದ. ಪೇಟ, ಮೀಸೆ, ಎದೆ ತುಂಬ ಪದಕ. ನೋಡಿದೆ. ಕೆಂಪಣ್ಣನ ಮುಖಕ್ಕೇ ಮೀಸೆ ಅಂಟಿಸಿದ್ದರು.

ಸಂಘದ ಮೀಟಿಂಗಿನಲ್ಲಿ ಅಡ್ಡ ಬಂದವನು ಪಕ್ಕದ ಮನೆಯ ಗಂಗಣ್ಣ. ಅವನ ತಾತ ಹನುಮಜ್ಜನೂ ಅದೇ ಲಾಯದಲ್ಲಿ ಇದ್ದವರು. ಗಂಗಣ್ಣ ಎದ್ದು ನಿಂತು ಎಲ್ಲರ ಮುಂದೆ, "ಲದ್ದಿ ಬಾಚೋರ ಕೈಗೆ ಜರ್ಮನ್ ಹೆಂಗ್ರೀ ಸಿಗ್ತಾನೆ? ನಮ್ತಾತನೂ ಅಲ್ಲೇ ಇದ್ರು. ಕುದುರೆ ಮೈ ಉಜ್ಜಿದ್ರು, ಹುಲ್ಲು ಹಾಕಿದ್ರು, ಸತ್ರು. ಆ ಚೀಲ ಯಾವ್ದೋ ಗುಜರಿಲಿ ತಂದಿರೋದು" ಅಂದ. ಸಂಘದವರು ಯೋಚನೆ ಮಾಡಿ, ಚೀಲ ನಿಜವಾಗಿ ಆ ಯುದ್ಧದ್ದು ಅಂತ ತಿಳಿದವರು ಯಾರಾದರೂ ಹೇಳಿದರೆ ಫೋಟೋ ಇಡೋಣ, ಇಲ್ಲದಿದ್ದರೆ ಬೇಡ ಅಂತ ತೀರ್ಮಾನಿಸಿದರು. ಕೆಂಪಣ್ಣ ಮನೆಗೆ ಬಂದವನು ಲದ್ದಿ, ಲದ್ದಿ ಅಂತ ಒಂದೇ ಮಾತನ್ನು ಹೇಳಿಕೊಂಡು ಹಜಾರದಲ್ಲಿ ಓಡಾಡಿದ.

"ಲದ್ದಿ ಬಾಚಿದ್ರೆ ಏನಾಯ್ತೋ? ಬಾಚದೆ ಇದ್ರೆ ಕುದುರೆ ಎಲ್ಲಿ ನಿಂತ್ಕೋಬೇಕು?" ಅಂದೆ.

"ನೀವು ಸುಮ್ನಿರಿ ಅತ್ಗೆ. ನಿಮ್ಗೆ ಮರ್ಯಾದೆ ವಿಷ್ಯ ಗೊತ್ತಾಗಲ್ಲ" ಅಂದ. ಅದೂ ನಿಜವೇ ಇರಬಹುದು.

ಅವನಿಗೆ ಯಾರೋ ಬಸವನಗುಡಿಯ ಒಬ್ಬ ರಾಯರ ಹೆಸರು ಹೇಳಿದ್ದರು. ಕಾಲೇಜಿನಲ್ಲಿ ಪಾಠ ಹೇಳಿ ರಿಟೈರ್ ಆದವರು, ಹಳೇ ಪಿಸ್ತೂಲಿನ ಚೀಲ ಸೇರಿಸುವುದೇ ಅವರ ಹುಚ್ಚು. ಆಯುಧಪೂಜೆ ಕಳೆದ ಮೇಲೆ ಕೆಂಪಣ್ಣ ಚೀಲ ಒಯ್ಯುತ್ತೇನೆಂದ. ಅಡಕತ್ತರಿ ತೆಗೆದುಕೊಟ್ಟೆ, ಆದರೆ ಚೀಲವನ್ನು ಒಂಟಿಯಾಗಿ ಕಳಿಸಲು ಮನಸ್ಸಾಗದೆ ನಾನೂ ಆಟೋ ಹತ್ತಿದೆ. ರಾಯರ ಮನೆಯ ಒಂದು ಕೋಣೆಯ ತುಂಬ ಚರ್ಮದ ಚೀಲಗಳು, ಗಾಜಿನ ಬೀರುವಿನಲ್ಲಿ ಸಾಲಾಗಿ, ಕೆಳಗೆ ಚೀಟಿ ಅಂಟಿಸಿಕೊಂಡು ಕೂತಿದ್ದವು. ಒಂದರಲ್ಲೂ ಒಳಗೆ ಏನೂ ಇಲ್ಲ.

"ಒಳಗಿರಬೇಕಾದ್ದು ಎಲ್ಲಿ ಸ್ವಾಮಿ?" ಅಂದೆ.

"ಪಿಸ್ತೂಲ್ ಇಟ್ಕೊಂಡ್ರೆ ಪೊಲೀಸ್ರು ಬರ್ತಾರಮ್ಮ. ಬರೀ ಚೀಲ ಇಟ್ಕೊಂಡ್ರೆ ಬಯ್ಯೋಕೆ ಹೆಂಡ್ತಿ ಮಾತ್ರ ಬರ್ತಾಳೆ" ಅಂದರು. ಅವರ ಹೆಂಡತಿ ಅಡುಗೆಮನೆಯಿಂದಲೇ, "ದೇವರ ಮನೆ ಪಕ್ಕ ಚರ್ಮದ ಗೋದಾಮು ಮಾಡ್ಕೊಂಡಿದಾರೆ, ಕೇಳ್ಕೊಳ್ಳಿ" ಅಂದರು. ಒಳ್ಳೆಯ ಮನೆ ಅನ್ನಿಸಿತು.

ರಾಯರು ನಮ್ಮ ಚೀಲವನ್ನು ಹಿಡಿದ ರೀತಿ ನೋಡಬೇಕಿತ್ತು. ಬಾಣಂತಿ ಕೈಯಿಂದ ಮಗು ತೆಗೆದುಕೊಂಡ ಹಾಗೆ ಎರಡೂ ಕೈಯಲ್ಲಿ ಇಸಿದುಕೊಂಡು ಬಿಳಿ ಬಟ್ಟೆಯ ಮೇಲೆ ಮಲಗಿಸಿದರು. ಭೂತಗನ್ನಡಿ ತಂದರು. ಟಾರ್ಚನ್ನು ನೇರ ಬಿಡದೆ ಓರೆಯಾಗಿ ಹಿಡಿದರು. ಹಾಗೆ ಹಿಡಿದರೆ ಅಳಿಸಿಹೋದ ಅಚ್ಚಿನ ಗುಂಡಿಗಳಲ್ಲಿ ನೆರಳು ಬಿದ್ದು ಕಾಣುತ್ತದಂತೆ. ಮುಚ್ಚಳ ಎತ್ತಿ ಮೂಗು ಹತ್ತಿರ ತಂದು, "ಇದೇನು ವಾಸನೆ?" ಅಂದರು.

"ಹರಳೆಣ್ಣೆ. ಪ್ರತಿ ಆಯುಧಪೂಜೆಗೂ ಹಚ್ತೀನಿ. ನಮ್ಮನೆಯವರು ಇದ್ದಾಗ ಬೂಟ್ ಪಾಲಿಷೂ ಹಾಕ್ತಿದ್ರು, ಕಪ್ಪುದು."

ರಾಯರು ಕಣ್ಣು ಮುಚ್ಚಿಕೊಂಡರು. ಆಮೇಲೆ, "ಈ ಕೆಂಪು? ಸೈನ್ಯದ ಡಿಪೋದವರು ಪರೀಕ್ಷೆ ಮಾಡಿ ಹಾಕಿದ ಬಣ್ಣ ಇರಬಹುದಾ..." ಅಂತ ತಮ್ಮಲ್ಲೇ ಅಂದುಕೊಂಡರು.

"ಅದು ಕುಂಕುಮ. ಈ ಸಲದ್ದು."

"ಹಾಗಾದ್ರೆ ಈ ಬಿಳಿ?"

"ಸುಣ್ಣ."

ಕೆಂಪಣ್ಣ ನನ್ನ ಕಾಲು ಮೆಟ್ಟಿದ. ನಾನು ಏನು ಸುಳ್ಳು ಹೇಳಿದೆ? ರಾಯರು ಮಾತ್ರ ಒಳ್ಳೆಯವರು, ಬಯ್ಯಲಿಲ್ಲ. ಚೀಲದ ವಯಸ್ಸು ಕಂಡುಹಿಡಿಯುವುದು ಹೇಗೆ ಅಂತ ಕೂರಿಸಿಕೊಂಡು ಹೇಳಿದರು. ಮುಚ್ಚಳದ ಒಳಗೋ ಬೆನ್ನ ಮೇಲೋ ಮಾಡಿದವನ ಹೆಸರು, ಊರು, ಇಸವಿ ಒತ್ತಿರುತ್ತಾರೆ. ಎರಡನೇ ಯುದ್ಧದ ಹೊತ್ತಿಗೆ ಯಾವ ಕಾರ್ಖಾನೆ ಯಾವ ಊರಲ್ಲಿದೆ ಅಂತ ಶತ್ರುವಿಗೆ ಗೊತ್ತಾಗಬಾರದೆಂದು ಹೆಸರು ಬಿಟ್ಟು ಗುಟ್ಟಿನ ಅಕ್ಷರ ಒತ್ತಲು ಶುರು ಮಾಡಿದರು. ಜೊತೆಗೆ ಸರ್ಕಾರದ ಹದ್ದಿನ ಮುದ್ರೆ, ಬೆನ್ನ ಮೇಲೆ ಪಿಸ್ತೂಲಿನ ನಂಬರು. ಮೊದಲನೇ ಯುದ್ಧದ್ದರಲ್ಲಿ ಆ ಹದ್ದು ಇರುವುದಿಲ್ಲ, ಚರ್ಮ ಕಂದು. ನಕಲಿ ಮಾಲಾದರೆ ಮುದ್ರೆ ನಿನ್ನೆ ಒತ್ತಿದಷ್ಟು ಚೂಪು, ಹೊಲಿಗೆ ನೈಲಾನ್ ದಾರ. ಇದೆಲ್ಲ ನನಗೆ ಸಲೀಸಾಗಿ ಅರ್ಥವಾಯಿತು. ನನ್ನ ಅಡುಗೆಮನೆಯಲ್ಲಿ ಚುಕ್ಕಿ ಅಕ್ಷರದ ಪಾತ್ರೆ ಅಂದರೆ ಅತ್ತೆಯ ಕಾಲದ್ದು, ಗೀರಿದ ಅಕ್ಷರ ಅಂದರೆ ಆಮೇಲಿನದು. ಪ್ರಪಂಚದ ಎಲ್ಲ ಕಡೆಯೂ ಜನ ಒಂದೇ ಥರ ಅನುಮಾನದವರು.

"ಇನ್ನೊಂದಿದೆ. ಒಳಗೆ ಎಷ್ಟೋ ವರ್ಷ ಇದ್ದ ಆಯುಧದ ಅಚ್ಚು ಚರ್ಮದ ಮೇಲೆ ಬಿದ್ದಿರುತ್ತೆ. ಅದನ್ನ ನೋಡಿ ಯಾವ ಪಿಸ್ತೂಲು ಅಂತ ಹೇಳಬಹುದು" ಅಂತ ರಾಯರು ಟಾರ್ಚನ್ನು ಒಳಗೆ ಬಿಟ್ಟರು. ತುಂಬ ಹೊತ್ತು ನೋಡಿದರು. ಹಣೆ ಒರೆಸಿಕೊಂಡರು. "ಎರಡು ಹಿಡಿ ಕಾಣ್ತಿದೆ. ನಾನು ಇಂಥ ಪಿಸ್ತೂಲು ನೋಡೇ ಇಲ್ಲ."

"ಅದು ನನ್ನ ಅಡಕತ್ತರಿ" ಅಂದೆ.

ಇಸವಿಯೇ ಕಷ್ಟವಾಯಿತು. ಒಂದು, ಒಂಬತ್ತು, ಇಷ್ಟು ಸ್ಪಷ್ಟ. ಮೂರನೆಯದು ಒಂದೋ ನಾಲ್ಕೋ ಹೇಳುವಂತಿಲ್ಲ. ಕೊನೆಯದನ್ನು ಸುಣ್ಣ ಪೂರಾ ತಿಂದುಬಿಟ್ಟಿತ್ತು. ಒಂದಾದರೆ ಬೋರಜ್ಜನ ಯುದ್ಧ, ನಾಲ್ಕಾದರೆ ಎರಡನೇ ಯುದ್ಧ. ಆ ಹೊತ್ತಿಗೆ ಬೋರಜ್ಜ ಲಾಯ ಬಿಟ್ಟು ಜಗಲಿಯ ಮೇಲೆ ಕೆಮ್ಮುತ್ತಾ ಕೂತಿದ್ದರು. ಬೆನ್ನ ಮೇಲಿನ ಪಾಲಿಷ್ ಸ್ವಲ್ಪ ಸ್ವಲ್ಪವಾಗಿ ತೆಗೆಯಬೇಕು, ಹದ್ದು ಇದೆಯೋ ಇಲ್ಲವೋ ನೋಡಬೇಕು, ರಾಜ್ಯೋತ್ಸವದ ಒಳಗೆ ಹೇಳುತ್ತೇನೆ ಅಂತ ರಾಯರು ಚೀಲ ಇಟ್ಟುಕೊಂಡರು. ನಾವು ಬರಿಗೈಯಲ್ಲಿ ಬಂದೆವು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಕಷ್ಟ. ಅಡಕತ್ತರಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿದರೆ ತೆಗೆಯುವಾಗೆಲ್ಲ ಲಟಪಟ ಸದ್ದು. ಸುಣ್ಣದ ಟ್ಯೂಬು ಒಂದು ದಿನ ಫ್ರಿಜ್ಜಿನ ಮೇಲೆ, ಒಂದು ದಿನ ದೇವರ ಗೂಡಿನಲ್ಲಿ, ಒಂದು ದಿನ ನನ್ನ ಸೊಂಟದಲ್ಲೇ ಇದ್ದು ಮನೆಯೆಲ್ಲ ಹುಡುಕಿಸಿತು. ಲವಂಗ ಅಂತ ಕತ್ತಲಲ್ಲಿ ಸಾಸಿವೆ ಡಬ್ಬಿಗೆ ಕೈ ಹಾಕಿದೆ. ಮೊಳೆಯ ಹತ್ತಿರ ಕೈ ತಾನಾಗಿ ಹೋಗುತ್ತಿತ್ತು, ಬರೀ ಗೋಡೆ ಸಿಗುತ್ತಿತ್ತು. ಮೊಮ್ಮಗಳು, "ಅಜ್ಜಿ, ಇದೇ ನೆಪದಲ್ಲಿ ಎಲೆ ಅಡಿಕೆ ಬಿಟ್ಬಿಡು" ಅಂದಳು. ಅವಳ ಫೋನ್ ರಿಪೇರಿಗೆ ಹೋದಾಗ ಮಾತಾಡುವುದನ್ನು ಬಿಟ್ಟಳಾ ಅಂತ ಕೇಳಿದೆ. ಅತ್ತ ಕೆಂಪಣ್ಣ ಬಾಗಿಲಲ್ಲಿ ಗಂಗಣ್ಣ ಕಂಡಾಗೆಲ್ಲ ಒಳಗೆ ಬಂದುಬಿಡುತ್ತಿದ್ದ. ಗಂಗಣ್ಣ ಬೇಕೆಂದೇ ಬೀದಿಯಲ್ಲಿ ನಿಂತು, "ಏನ್ ಕೆಂಪಣ್ಣ, ಜರ್ಮನಿಯಿಂದ ಫೋನ್ ಬಂತಾ?" ಅನ್ನುತ್ತಿದ್ದ.

ರಾಯರು ರಾಜ್ಯೋತ್ಸವದ ಹಿಂದಿನ ಭಾನುವಾರ ತಾವೇ ಚೀಲ ಹಿಡಿದುಕೊಂಡು ಬಂದರು. ಕೆಂಪಣ್ಣ ಮೊದಲೇ ಸಂಘದವರನ್ನೆಲ್ಲ ಕರೆದು ಜಗಲಿಯ ಮೇಲೆ ಕೂರಿಸಿದ್ದ. ಗಂಗಣ್ಣನನ್ನೂ ಕರೆದಿದ್ದ, ಸೋಲುವುದಾದರೆ ಅವನ ಮುಂದೆಯೇ ಸೋಲುತ್ತೇನೆ ಅಂತ ಹಠ. ಗಂಗಣ್ಣ ಹೆಂಡತಿ ಸರೋಜಳನ್ನು ಕರಕೊಂಡು ಬಂದ, ಸೋಲುವುದನ್ನು ನೋಡಲು. ನಾನು ಎಲ್ಲರಿಗೂ ಕಾಫಿ ಕೊಟ್ಟು ಬಾಗಿಲಿಗೆ ಒರಗಿ ನಿಂತೆ. ನನಗೆ ಬೇಕಾಗಿದ್ದುದು ಒಂದೇ, ಮಾತು ಬೇಗ ಮುಗಿದು ಚೀಲ ಮೊಳೆಗೆ ಬರಬೇಕು.

ರಾಯರು ಪಾಠ ಹೇಳುವವರ ಹಾಗೆ ನಿಂತು ಹೇಳಿದರು. ಬೆನ್ನ ಮೇಲಿನ ಪಾಲಿಷ್ ತೆಗೆದಾಗ ಕಂದು ಚರ್ಮ ಬಂತು. ಹದ್ದಿಲ್ಲ. ಪಿಸ್ತೂಲಿನ ನಂಬರಿಲ್ಲ. ಮುಚ್ಚಳದ ಒಳಗೆ ಗುಟ್ಟಿನ ಅಕ್ಷರ ಅಲ್ಲ, ಮಾಡಿದವನ ಹೆಸರೇ ಇದೆ, ಅರ್ಧ ಹೋಗಿದ್ದರೂ ಕೆಳಗೆ ಬರ್ಲಿನ್ ಅಂತ ಊರು ಓದಬಹುದು. ಹಾಗಾಗಿ ಮೂರನೇ ಅಂಕಿ ಒಂದೇ. "ಇದು ಮೊದಲನೇ ಮಹಾಯುದ್ಧದ ಕಾಲದ್ದು. ಅನುಮಾನವೇ ಇಲ್ಲ."

ಕೆಂಪಣ್ಣ ಎದ್ದು ನಿಂತ. ಸಂಘದವರು ಚಪ್ಪಾಳೆ ತಟ್ಟಿದರು. ಗಂಗಣ್ಣ ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಎನ್ನುವವನ ಹಾಗೆ ಅದನ್ನೇ ನೋಡುತ್ತಾ ಕೂತ. ಅಲ್ಲಿಗೆ ಎಲ್ಲ ಮುಗಿದಿತ್ತು. ಮುಗಿಸಬೇಕಿತ್ತು. ಆದರೆ ಓದಿದವರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುವುದಿಲ್ಲ.

"ಒಂದೇ ಒಂದು ಗುರುತು ಮಾತ್ರ ಬಿಡಿಸೋಕೆ ಆಗಿಲ್ಲ" ಅಂದರು ರಾಯರು. "ಬೆನ್ನಿನ ಮೇಲೆ, ಸೊಂಟದ ಪಟ್ಟಿ ಹೋಗೋ ಜಾಗದ ಕೆಳಗೆ, ಚುಕ್ಕಿ ಚುಕ್ಕಿ. ಯಾವ ಪುಸ್ತಕದಲ್ಲೂ ಇಲ್ಲ. ನನ್ನ ಹಾಗೇ ಚೀಲ ಸೇರಿಸೋ ಒಬ್ಬರಿಗೆ ಫೋಟೋ ಕಳಿಸಿದೆ, ಫಿರಂಗಿ ದಳದ ಗುರುತು ಇರಬಹುದು ಅಂದರು." ಚೀಲವನ್ನು ಮೇಲೆತ್ತಿ, ಟಾರ್ಚನ್ನು ಓರೆ ಹಿಡಿದು ಎಲ್ಲರಿಗೂ ತೋರಿಸಿದರು. ಹಿಡಿದದ್ದು ತಲೆಕೆಳಗಾಗಿ. ಜರ್ಮನಿಯವರ ಅಕ್ಷರ ಹುಡುಕುವವರಿಗೆ ಹಾಗೆ ಹಿಡಿದರೇ ಅದು ಅಕ್ಷರದ ಥರ ಕಾಣುತ್ತದೋ ಏನೋ. ನಾನು ಹೋಗಿ ಚೀಲ ತಿರುಗಿಸಿದೆ.

ನನ್ನ ಬಾಯಿಯ ವಿಷಯ ಬೀದಿಗೇ ಗೊತ್ತು. ಅದಕ್ಕೆ ಬಾಗಿಲಿದೆ, ಚಿಲಕ ಇಲ್ಲ.

"ಇದು ನಿಮ್ಮ ತಿಮ್ಮಕ್ಕಜ್ಜಿ ಗುರ್ತು ಕಣೋ ಗಂಗಣ್ಣ" ಅಂದೆ.

ತಿಮ್ಮಕ್ಕಜ್ಜಿ ಗಂಗಣ್ಣನ ತಾತ ಹನುಮಜ್ಜನ ಹೆಂಡತಿ. ಆ ಮುದುಕಿ ಮನೆಯ ಯಾವ ಸಾಮಾನನ್ನೂ ಗುರುತು ಹಾಕಿಸದೆ ಬಿಟ್ಟವಳಲ್ಲ. ಬಿಂದಿಗೆ, ಸೌಟು, ಲಟ್ಟಣಿಗೆ, ಕಡೆಗೆ ತನ್ನ ಚಪ್ಪಲಿಯ ಅಟ್ಟೆಗೂ ಪಾತ್ರೆ ಅಂಗಡಿಯವನ ಹತ್ತಿರ ಮೊಳೆಯಲ್ಲಿ 'ತಿ' ಅಂತ ಚುಕ್ಕಿ ಕುಟ್ಟಿಸಿದ್ದಳು. ಹೊಸದಾಗಿ ಬಂದ ಸೊಸೆಯಾಗಿ ನಾನು ಅವಳ ಬಿಂದಿಗೆಯ ಪಕ್ಕ ನಮ್ಮ ಬಿಂದಿಗೆ ಇಟ್ಟು ನಲ್ಲಿಯಲ್ಲಿ ನೀರು ಹಿಡಿದವಳು. ನಮ್ಮದು 'ಮು', ಅವಳದು 'ತಿ', ಅದಲು ಬದಲಾದರೆ ಬೀದಿ ಎದ್ದು ಕೂರುತ್ತಿತ್ತು. ನನಗೆ ಮರೆಯುತ್ತದೆಯೇ? ಸರೋಜ ಓಡಿಹೋಗಿ ಮನೆಯಿಂದ ಹಳೇ ಹಿತ್ತಾಳೆ ಬಿಂದಿಗೆ ತಂದಳು. ರಾಯರು ಟಾರ್ಚು ಹಿಡಿದರು. ಚೀಲದ್ದೂ ಬಿಂದಿಗೆಯದ್ದೂ ಒಂದೇ ಕೈಯ ಚುಕ್ಕಿ. ರಾಯರು ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಮೂವತ್ತು ವರ್ಷ ಕನ್ನಡದಲ್ಲೇ ಪಾಠ ಹೇಳಿದವನು ನಾನು" ಅಂದರು.

ಅಜ್ಜಿಯ ಚೀಲ ನಮ್ಮ ಮೊಳೆಗೆ ಹೇಗೆ ಬಂತೆಂದು ನನಗೆ ಗೊತ್ತಿಲ್ಲ. ಊಹೆ ಮಾಡಬಲ್ಲೆ. ತಿಮ್ಮಕ್ಕಜ್ಜಿಯೂ ನನ್ನತ್ತೆಯೂ ದಿನಾ ಸಂಜೆ ಇದೇ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಾ ಮೂರನೆಯವರನ್ನು ಬಯ್ಯುತ್ತಿದ್ದರು. ಚೀಲ ಅವರಿಬ್ಬರ ನಡುವೆ ಇರುತ್ತಿತ್ತು. ಅಜ್ಜಿ ಸತ್ತ ದಿನ ಅದು ಜಗಲಿಯ ಈ ಪಕ್ಕ ಇದ್ದಿರಬೇಕು.

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಗಂಗಣ್ಣ ನಿಧಾನವಾಗಿ ಎದ್ದ. ಎದೆ ಉಬ್ಬಿತು. "ನಂಗೆ ಮೊದ್ಲಿಂದ ಗೊತ್ತಿತ್ತು. ನಮ್ತಾತ ಸುಮ್ನೆ ಹೋಗಿ ಬಂದೋರಲ್ಲ. ಬರ್ಲಿನ್ ಅಂತ ರಾಯ್ರೇ ಹೇಳಿದಾರಲ್ಲ? ಮೊದಲನೇ ಯುದ್ಧದ್ದು ಅಂತ ಹೇಳಿದಾರಲ್ಲ? ಆ ಜರ್ಮನ್ ಆಫೀಸರನ್ನ ಕೆಡವಿದ್ದು ನಮ್ ಹನುಮಜ್ಜ!" ಅಂದ.

ಕೆಂಪಣ್ಣ ಬಿಡುತ್ತಾನೆಯೇ? "ಯೋವ್, ಲದ್ದಿ ಬಾಚೋರ ಕೈಗೆ ಜರ್ಮನ್ ಹೆಂಗ್ ಸಿಗ್ತಾನೆ? ನಿಮ್ ಅಜ್ಜಿ ಯಾವ್ದೋ ಗುಜರಿಲಿ ತಂದಿರ್ಬೇಕು!"

"ನೀನೇ ಹೇಳ್ದಲ್ಲಪ್ಪ, ಲಾಯದೋರೆಲ್ಲ ಯುದ್ಧಕ್ಕೆ ಹೋಗಿದ್ರು ಅಂತ!"

"ನೀನೇ ಹೇಳ್ದಲ್ಲಪ್ಪ, ಕುದುರೆ ಮೈ ಉಜ್ಜಿ ಸತ್ರು ಅಂತ!"

ಇಬ್ಬರೂ ಒಬ್ಬರ ಮಾತನ್ನು ಒಬ್ಬರು ಒಂದಕ್ಷರ ಬಿಡದೆ ಬದಲಾಯಿಸಿಕೊಂಡಿದ್ದರು. ಚೀಲ ಮಾತ್ರ ಅದೇ, ಮುದ್ರೆಯೂ ಅದೇ. ಸೋಲುತ್ತಿದ್ದೇನೆ ಅನ್ನಿಸಿದಾಗ ಕೆಂಪಣ್ಣ, ಆ ಚುಕ್ಕಿಯನ್ನು ಜರ್ಮನಿಯವರೇ ಹಾಕಿರಬಹುದು ಅಂತಲೂ ಅಂದ. ಸಂಘದವರು ಹಿಡಿದುಕೊಂಡಿದ್ದರಿಂದ ಕೈಕೈ ಆಗಲಿಲ್ಲ. ರಾಯರನ್ನು ತೀರ್ಪು ಕೇಳಿದರೆ, "ಈ ಚರ್ಮ ಯಾವಾಗ ಹುಟ್ತು, ಎಲ್ಲಿ ಹುಟ್ತು, ಅಷ್ಟು ಹೇಳಬಲ್ಲೆ. ಯಾರ ಕೈಯಲ್ಲಿ ಬಂತು ಅಂತ ಅದು ಹೇಳೋದಿಲ್ಲ" ಅಂದರು. ಇಷ್ಟನ್ನು ಮೊದಲ ದಿನವೇ ಹೇಳಿದ್ದರೆ ನಾನು ಆಟೋ ಹತ್ತುತ್ತಿರಲಿಲ್ಲ.

ಹೆಸರಿದ್ದವರಿಗೆ ವಸ್ತು ಸೇರಬೇಕು, ಅದು ನಲ್ಲಿಯ ಕಾಲದಿಂದಲೂ ನಮ್ಮ ಬೀದಿಯ ಕಾನೂನು. ಚೀಲ ಗಂಗಣ್ಣನ ಮನೆಗೆ ಹೋಯಿತು. ಕೆಂಪಣ್ಣ ನನ್ನ ಜೊತೆ ಮಾತು ಬಿಟ್ಟ. ಬಿಟ್ಟ ಮೇಲೂ ಬಾಗಿಲಲ್ಲಿ ನಿಂತು ಬೇರೆ ಯಾರಿಗೋ ಹೇಳುವ ಹಾಗೆ, "ಕೆಲವ್ರ ಬಾಯಿಂದ ಮನೆತನದ ಮರ್ಯಾದೆ ಹೋಗುತ್ತೆ" ಅನ್ನುತ್ತಿದ್ದ. ಅವನಿಗೆ ನಿಜವಾಗಿಯೂ ನೋವಾಗಿತ್ತು. ಮಾಡಿಸಿದ ಫೋಟೋವನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದ. ಕೊನೆಗೆ ಸಂಘದವರಿಗೆ ಒಂದು ದಾರಿ ಹೊಳೆಯಿತು. ಫೋಟೋ ಮಾಡಿಸಿದ್ದು ಒಂದೇ ಇದೆ, ಅದು ಬೋರಜ್ಜನ ಹಾಗೂ ಇಲ್ಲ, ಹನುಮಜ್ಜನ ಹಾಗೂ ಇಲ್ಲ. ರಾಜ್ಯೋತ್ಸವದ ದಿನ ಬಾವುಟದ ಕಂಬದ ಪಕ್ಕ ಅದನ್ನೇ ಇಟ್ಟು, ಕೆಳಗೆ 'ನಮ್ಮ ಬೀದಿಯ ವೀರಯೋಧ' ಅಂತಷ್ಟೇ ಬರೆಸಿದರು. ಹೆಸರು ಹಾಕಿಸಲಿಲ್ಲ. ಕೆಂಪಣ್ಣನೂ ಹಾರ ಹಾಕಿದ, ಗಂಗಣ್ಣನೂ ಹಾರ ಹಾಕಿದ. ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಕಣ್ಣು ಒರೆಸಿಕೊಂಡರು. ಮೀಸೆ ಅಂಟಿಸಿದ ಕೆಂಪಣ್ಣನ ಮುಖಕ್ಕೆ ಗಂಗಣ್ಣ ಕೈ ಮುಗಿಯುವ ದಿನ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಗಂಗಣ್ಣನ ಮನೆಯಲ್ಲಿ ಚೀಲ ಈಗ ಟಿವಿ ಪಕ್ಕದ ಶೋಕೇಸಿನಲ್ಲಿ ಪ್ಲಾಸ್ಟಿಕ್ ಹೂವಿನ ನಡುವೆ ಕೂತಿದೆ. ಅವರ ಮನೆಯಲ್ಲಿ ಯಾರೂ ಎಲೆ ಅಡಿಕೆ ಹಾಕುವುದಿಲ್ಲ. ನನ್ನ ಕಷ್ಟವನ್ನು ಅರ್ಥ ಮಾಡಿಕೊಂಡವರು ರಾಯರೊಬ್ಬರೇ. ಯಾರೋ ಮೋಸ ಮಾಡಿ ಮಾರಿದ್ದ ಒಂದು ನಕಲಿ ಚೀಲ ಅವರ ಬೀರುವಿನ ಮೂಲೆಯಲ್ಲಿತ್ತಂತೆ, ಅದನ್ನು ಕಳಿಸಿಕೊಟ್ಟರು. ನೈಲಾನ್ ಹೊಲಿಗೆ, ಹದ್ದು ಕಣ್ಣು ಕುಕ್ಕುವಷ್ಟು ಚೂಪು. ಸುಣ್ಣದ ಟ್ಯೂಬು ಸರಿಯಾಗಿ ಕೂರುತ್ತದೆ. ನಕಲಿಯಾದ್ದರಿಂದ ಯಾರ ತಾತನೂ ಬಂದು ಕೇಳುವುದಿಲ್ಲ.

ಇಷ್ಟಕ್ಕೇ ಮುಗಿಯಬೇಕಿತ್ತು. ರಾಜ್ಯೋತ್ಸವದ ಮಾರನೆಯ ದಿನ ಸರೋಜ ತಟ್ಟೆಯಲ್ಲಿ ಸಿಹಿ ಇಟ್ಟುಕೊಂಡು ಬಂದಳು. "ನೀವು ಹೇಳ್ದೆ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ ಅಕ್ಕ" ಅಂದಳು. ಕಾಫಿ ಕೊಟ್ಟೆ. ಕುಡಿದಳು. ಕುಡಿದವಳು ಲೋಟ ಕೆಳಗಿಡದೆ ಬೋರಲು ಮಾಡಿ ತಳ ನೋಡಿದಳು. "ಇದ್ಯಾರಕ್ಕ, ಪುಟ್ಟಗೌರಮ್ಮ?"

ಯಾರೋ ನನಗೇನು ಗೊತ್ತು? ಯಾವ ಮದುವೆಯಲ್ಲಿ ಅದಲು ಬದಲಾಯಿತೋ, ಯಾವ ಮನೆಗೆ ಪಾಯಸ ಕಳಿಸಿ ಯಾರ ಲೋಟ ವಾಪಸ್ ಬಂತೋ. ಸರೋಜ ಹೋದಮೇಲೆ ಬಾಗಿಲು ಹಾಕಿಕೊಂಡು ಅಟ್ಟದ ಮೇಲಿನದನ್ನೂ ಸೇರಿಸಿ ಒಂದೊಂದೇ ಪಾತ್ರೆ ತಿರುಗಿಸಿ ನೋಡಿದೆ. 'ಮು' ಇರುವುದು ಒಂದು ಮೂಲೆಗೆ, ಉಳಿದದ್ದು ಇನ್ನೊಂದು ಮೂಲೆಗೆ. ನನ್ನ ಮೂಲೆಯಲ್ಲಿ ಒಂದು ಬಾಣಲೆ, ಎರಡು ಚೊಂಬು, ಸೊಟ್ಟಗಾದ ಒಂದು ಜರಡಿ ಉಳಿದವು. ಇನ್ನೊಂದು ಮೂಲೆಯ ಪಾತ್ರೆಗಳಲ್ಲೇ ಇಷ್ಟು ವರ್ಷ ನಮ್ಮ ಮನೆ ನಡೆಯುತ್ತಿತ್ತು. ದಿನಾ ಅನ್ನ ಮಾಡುವ ದೊಡ್ಡ ಪಾತ್ರೆಯ ಕಂಠದ ಕೆಳಗೆ, ಮಸಿ ಉಜ್ಜಿದರೆ, ಚುಕ್ಕಿ ಚುಕ್ಕಿಯಾಗಿ 'ತಿ'.

ಬೀದಿಯ ಕಾನೂನು ನಾನೇ ಎತ್ತಿ ಹಿಡಿದದ್ದು. ಆದರೆ ಯಾರೂ ಕೇಳಲು ಬಂದಿಲ್ಲವಲ್ಲ. ಆ ಪಾತ್ರೆಯನ್ನು ಗುರುತು ಗೋಡೆಯ ಕಡೆ ಬರುವ ಹಾಗೆ ಒಲೆಯ ಮೇಲೆ ಇಡುತ್ತೇನೆ. ಮಸಿ ಉಜ್ಜುವುದನ್ನು ನಿಲ್ಲಿಸಿದ್ದೇನೆ. ಮಾಮೂಲ್‌ಪೇಟೆಗೆ ಹೋಗಿ ಗಾಜಿನ ಲೋಟ ತಂದಿದ್ದೇನೆ, ಮನೆಗೆ ಯಾರೇ ಬಂದರೂ ಈಗ ಅದರಲ್ಲೇ ಕಾಫಿ. ಅವುಗಳ ತಳದಲ್ಲೂ ಇಂಗ್ಲಿಷಿನಲ್ಲಿ ಏನೋ ಉಬ್ಬಿದೆ. ಅದು ಕಂಪನಿಯದಂತೆ. ಕಂಪನಿಯವರು ಬಂದು ಕೇಳಿದರೆ, ತೊಳೆದು ಕೊಟ್ಟುಬಿಡೋಣ.